ಒತ್ತಕ್ಷರ ಒಡೆದಾಗ, ಬ್ರಷ್ ಓಡದಾಗ, ಬಣ್ಣ ಮಂಕಾದಾಗ: ಫೋಟೊಶಾಪ್, ಗಿಂಪ್ ಬಳಸುವವರಿಗೆ ಸಮಗ್ರ ಮಾರ್ಗದರ್ಶಿ

ಲಗ್ನಪತ್ರಿಕೆಗೆ ‘ಕೃಷ್ಣಮೂರ್ತಿ’ ಎಂದು ಟೈಪ್ ಮಾಡಿದರೆ ತೆರೆಯ ಮೇಲೆ ‘ಕೃಷ್‌ಣಮೂರ್‌ತಿ’ ಎಂದು ಒತ್ತೆಲ್ಲ ಬಿಡಿಬಿಡಿಯಾಗಿ ನಿಲ್ಲುತ್ತದೆ. ಅರ್ಜಿಗೆ ಹಾಕಬೇಕಾದ ಫೋಟೊ ಏನು ಮಾಡಿದರೂ 50 ಕೆಬಿಗೆ ಇಳಿಯುವುದಿಲ್ಲ. ನಿನ್ನೆಯವರೆಗೆ ಚೆನ್ನಾಗಿ ಓಡುತ್ತಿದ್ದ ಬ್ರಷ್ ಇವತ್ತು ಒಂದು ಚುಕ್ಕೆಯನ್ನೂ ಬಿಡುವುದಿಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಫೈಲ್ ಮುಚ್ಚಿ ಮೊದಲಿನಿಂದ ಶುರು ಮಾಡುತ್ತಾರೆ, ಇಲ್ಲವೇ ಸಾಫ್ಟ್‌ವೇರನ್ನೇ ತೆಗೆದು ಮತ್ತೆ ಹಾಕಿಕೊಳ್ಳುತ್ತಾರೆ. ಎರಡರಲ್ಲೂ ಗಂಟೆಗಟ್ಟಲೆ ಸಮಯ ಹೋಗುತ್ತದೆ, ತೊಂದರೆ ಮಾತ್ರ ಇನ್ನೊಂದು ದಿನ ಹಾಗೇ ಎದುರಾಗುತ್ತದೆ.

ಈ ತೊಂದರೆಗಳ ಮೂಲ ಬಹುತೇಕ ಸಲ ಎಲ್ಲೋ ಬದಲಾಗಿ ಕೂತಿರುವ ಒಂದೇ ಒಂದು ಆಯ್ಕೆ. ಅದು ಯಾವ ಹಂತದಲ್ಲಿದೆ ಎಂದು ಕಂಡುಕೊಳ್ಳುವ ಕ್ರಮ ಗೊತ್ತಿದ್ದರೆ ಸಾಕು. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಡಿಟಿಪಿ ಅಂಗಡಿಗಳಲ್ಲಿ ಹೆಚ್ಚು ಕಾಣುವ ಫೋಟೊಶಾಪ್, ಉಚಿತವಾಗಿ ಸಿಗುವ ಗಿಂಪ್, ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದೇನೆ. ಕನ್ನಡ ಅಕ್ಷರಗಳ ಭಾಗ ಉಳಿದವುಗಳಿಗಿಂತ ಉದ್ದವಾಗಿದೆ. ನಮಗೆ ಹೆಚ್ಚು ಕಾಟ ಕೊಡುವುದು ಅದೇ, ಬೇರೆ ಭಾಷೆಯ ಮಾರ್ಗದರ್ಶಿಗಳಲ್ಲಿ ಅದಕ್ಕೆ ಉತ್ತರವೂ ಸಿಗುವುದಿಲ್ಲ.

ಟೂಲ್ ಕೆಲಸ ಮಾಡದಿದ್ದರೆ

ಬ್ರಷ್, ಇರೇಸರ್, ಬಕೆಟ್ ಯಾವುದೇ ಇರಲಿ, ಒತ್ತಿದರೂ ಏನೂ ಆಗುತ್ತಿಲ್ಲ ಎಂದರೆ ಕೆಳಗಿನವನ್ನು ಇದೇ ಕ್ರಮದಲ್ಲಿ ನೋಡಿ.

1. ಲೇಯರ್ ಎಂದರೆ ಚಿತ್ರದಲ್ಲಿ ಒಂದರ ಮೇಲೊಂದಿರುವ ಪದರ. ಲೇಯರ್ ಪಟ್ಟಿಯಲ್ಲಿ ಯಾವ ಲೇಯರ್ ಆಯ್ಕೆಯಾಗಿದೆ? ನೀವು ಬಳಿಯುತ್ತಿರುವುದು ಕೆಳಗಿನ ಲೇಯರ್ ಮೇಲೆ ಇರಬಹುದು. ಮೇಲಿನದು ಅದನ್ನು ಮುಚ್ಚಿರುತ್ತದೆ. ಆಯ್ಕೆಯಾದ ಲೇಯರ್‌ನ ಕಣ್ಣಿನ ಗುರುತು ಆರಿದ್ದರೂ ಹೀಗೇ.

2. ಎಲ್ಲೋ ಒಂದು ಸೆಲೆಕ್ಷನ್ ಉಳಿದಿರಬಹುದು. ಸೆಲೆಕ್ಷನ್ ಇದ್ದಾಗ ಬ್ರಷ್ ಅದರ ಒಳಗೆ ಮಾತ್ರ ಓಡುತ್ತದೆ. ಚಿತ್ರವನ್ನು ತುಂಬ ಹತ್ತಿರ ಹಿಗ್ಗಿಸಿಕೊಂಡಿದ್ದರೆ ಆ ಸೆಲೆಕ್ಷನ್ ತೆರೆಯ ಹೊರಗಿದ್ದು ನಿಮಗೆ ಕಾಣಿಸುವುದೇ ಇಲ್ಲ. ಫೋಟೊಶಾಪ್‌ನಲ್ಲಿ ಕಂಟ್ರೋಲ್ + ಡಿ, ಗಿಂಪ್‌ನಲ್ಲಿ ಕಂಟ್ರೋಲ್ + ಶಿಫ್ಟ್ + ಎ ಒತ್ತಿ. ಅರ್ಧಕ್ಕರ್ಧ ದೂರುಗಳು ಇಲ್ಲಿಗೇ ಮುಗಿಯುತ್ತವೆ.

3. ಲೇಯರ್‌ಗೆ ಮಾಸ್ಕ್ (ಚಿತ್ರದ ಭಾಗವನ್ನು ಅಳಿಸದೆ ಮರೆಮಾಡುವ ಪದರ) ಇದ್ದರೆ, ಲೇಯರ್ ಪಟ್ಟಿಯಲ್ಲಿ ಎರಡು ಪುಟ್ಟ ಚಿತ್ರಗಳಿರುತ್ತವೆ. ಅಂಚುಗೆರೆ ಯಾವುದರ ಸುತ್ತ ಇದೆ ಎಂದು ನೋಡಿ. ಮಾಸ್ಕ್ ಆಯ್ಕೆಯಾಗಿದ್ದರೆ ನೀವು ಬಳಿಯುವ ಕೆಂಪು, ನೀಲಿ ಎಲ್ಲವೂ ಬೂದು ಛಾಯೆಯಾಗಿ ಮಾಸ್ಕ್‌ಗೆ ಸೇರಿ, ಚಿತ್ರದ ಭಾಗ ಮಾಯವಾಗುತ್ತದೆ ಇಲ್ಲವೇ ಮರಳುತ್ತದೆ.

4. ಇರೇಸರ್ ಹೊಡೆದರೆ ಪಾರದರ್ಶಕವಾಗುವ ಬದಲು ಬಿಳಿ ಬರುತ್ತಿದೆಯೇ? ಫೋಟೊಶಾಪ್‌ನಲ್ಲಿ ಅದು ಬೀಗದ ಗುರುತಿರುವ ಬ್ಯಾಕ್‌ಗ್ರೌಂಡ್ ಲೇಯರ್. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ ಓಕೆ ಒತ್ತಿದರೆ ಸಾಮಾನ್ಯ ಲೇಯರ್ ಆಗುತ್ತದೆ. ಗಿಂಪ್‌ನಲ್ಲಿ ಲೇಯರ್ ಮೆನು, ಟ್ರಾನ್ಸ್‌ಪರೆನ್ಸಿ, ಆ್ಯಡ್ ಆಲ್ಫಾ ಚಾನೆಲ್.

5. ಬಣ್ಣ ಆರಿಸಿದರೂ ಬೇರೆ ಬಣ್ಣವೇ ಬರುತ್ತಿದ್ದರೆ ಅಥವಾ ಅರ್ಧ ಮೆನು ಮಂಕಾಗಿದ್ದರೆ, ಚಿತ್ರ ಇಂಡೆಕ್ಸ್‌ಡ್ (ಕೆಲವೇ ಬಣ್ಣಗಳ) ಅಥವಾ ಗ್ರೇಸ್ಕೇಲ್ (ಕಪ್ಪು-ಬಿಳುಪಿನ) ಮೋಡ್‌ನಲ್ಲಿದೆ. ಜಿಐಎಫ್ ಫೈಲ್ ತೆರೆದಾಗ ಇದು ಸದಾ ಆಗುತ್ತದೆ. ಇಮೇಜ್ ಮೆನುವಿನ ಮೋಡ್‌ಗೆ ಹೋಗಿ ಆರ್‌ಜಿಬಿ ಆರಿಸಿ.

ಬ್ರಷ್‌ನ ದುಂಡನೆಯ ಗುರುತು ಹೋಗಿ ಕೂಡಿಸುವ + ಗುರುತಿನಂತೆ ಕಾಣುತ್ತಿದ್ದರೆ ಫೋಟೊಶಾಪ್‌ನಲ್ಲಿ ಕ್ಯಾಪ್ಸ್ ಲಾಕ್ ಒತ್ತಿದೆ ಎಂದರ್ಥ. ಪ್ಯಾನೆಲ್‌ಗಳೆಲ್ಲ ಒಮ್ಮೆಲೇ ಮಾಯವಾದರೆ ಟ್ಯಾಬ್ ಕೀ ಒತ್ತಿದ್ದೀರಿ; ಮತ್ತೊಮ್ಮೆ ಒತ್ತಿ. ಗಿಂಪ್‌ನಲ್ಲೂ ಇದು ಹೀಗೇ. ಪ್ಯಾನೆಲ್‌ಗಳು ದಿಕ್ಕಾಪಾಲಾಗಿದ್ದರೆ ಫೋಟೊಶಾಪ್‌ನ ವಿಂಡೋ ಮೆನುವಿನಲ್ಲಿ ವರ್ಕ್‌ಸ್ಪೇಸ್, ಅದರಲ್ಲಿ ರೀಸೆಟ್ ಎಸೆನ್ಶಿಯಲ್ಸ್. ಗಿಂಪ್‌ನ ಕಿಟಕಿಗಳು ಚೂರುಚೂರಾಗಿ ಹರಡಿದ್ದರೆ ಅದರದೇ ‘ವಿಂಡೋಸ್’ ಮೆನುವಿನಲ್ಲಿ ಸಿಂಗಲ್-ವಿಂಡೋ ಮೋಡ್ ಗುರುತು ಹಾಕಿ.

ಕನ್ನಡ ಅಕ್ಷರ ಒಡೆಯುವುದು

ಮೊದಲಿಗೆ ಒಳಗೆ ಏನು ನಡೆಯುತ್ತದೆ ಎಂದು ತಿಳಿದುಕೊಳ್ಳೋಣ, ಯಾಕೆಂದರೆ ಪರಿಹಾರ ಅದರಲ್ಲೇ ಇದೆ. ತೆರೆಯ ಮೇಲೆ ‘ನ್ನ’ ಎಂದು ಕಾಣಬೇಕಾದರೆ ಮೂರು ವಿಷಯ ಕೂಡಿ ಬರಬೇಕು. ಒಂದು, ಫೈಲ್‌ನಲ್ಲಿ ನ, ಅರ್ಧಾಕ್ಷರದ ಗುರುತು (್), ನ ಎಂಬ ಮೂರು ಯೂನಿಕೋಡ್ ಸಂಕೇತಗಳು (ಯೂನಿಕೋಡ್ ಎಂದರೆ ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರ್‌ಗಳಲ್ಲಿ ಒಂದೇ ಇರುವ ಸಂಕೇತ) ಸರಿಯಾಗಿರಬೇಕು. ಎರಡು, ನೀವು ಆರಿಸಿದ ಫಾಂಟ್‌ನಲ್ಲಿ ಕನ್ನಡ ಅಕ್ಷರಗಳೂ ಒತ್ತುಗಳೂ ಇರಬೇಕು. ಮೂರು, ಆ ಮೂರು ಸಂಕೇತಗಳನ್ನು ನೋಡಿ ‘ಇಲ್ಲಿ ಒತ್ತು ಹಾಕಬೇಕು’ ಎಂದು ತೀರ್ಮಾನಿಸಿ ಜೋಡಿಸುವ ಭಾಗ ಸಾಫ್ಟ್‌ವೇರ್‌ನಲ್ಲಿ ಚಾಲೂ ಇರಬೇಕು. ಈ ಮೂರರಲ್ಲಿ ಯಾವುದು ತಪ್ಪಿದೆ ಎಂಬುದು ಅಕ್ಷರ ಒಡೆದ ರೀತಿಯಲ್ಲೇ ಕಾಣಿಸುತ್ತದೆ.

ಪರೀಕ್ಷೆ ಸುಲಭ. ಪಠ್ಯವನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ.

ನೋಟ್‌ಪ್ಯಾಡ್‌ನಲ್ಲಿ ಇಂಗ್ಲಿಷ್ ದೊಡ್ಡಕ್ಷರ, ತಲೆಯ ಮೇಲೆ ಗೀಟಿರುವ ಅಕ್ಷರ, ನಡುನಡುವೆ ಪೌಂಡ್ ಹಣದ ಚಿಹ್ನೆ ಹೀಗೆ ಗೋಜಲಾಗಿ ಕಂಡರೆ ಅದು ಯೂನಿಕೋಡ್ ಅಲ್ಲ. ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟ್‌ಗಳಿಗಾಗಿ ಟೈಪ್ ಮಾಡಿದ ಪಠ್ಯ. ಡಿಟಿಪಿಯವರು ಇದನ್ನು ‘ಆಸ್ಕಿ’ ಎನ್ನುತ್ತಾರೆ. ಇಲ್ಲಿ ಕನ್ನಡ ಅಕ್ಷರದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ನುಡಿಯ ಫಾಂಟ್‌ಗಳಲ್ಲಿ ಪೌಂಡ್ ಚಿಹ್ನೆಯ ಜಾಗದಲ್ಲಿರುವುದು ‘ನ’. ಹಾಗಾಗಿ ಅದೇ ಬಗೆಯ ಫಾಂಟ್ ಹಾಕಿದರೆ ಮಾತ್ರ ಕನ್ನಡ ಕಾಣುತ್ತದೆ. ಈ ಪಠ್ಯಕ್ಕೆ ಯೂನಿಕೋಡ್ ಫಾಂಟ್ ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ, ಪಠ್ಯವನ್ನೇ ಪರಿವರ್ತಿಸಬೇಕು. ಬರಹ, ನುಡಿ ತಂತ್ರಾಂಶಗಳ ಜೊತೆಗೇ ಪರಿವರ್ತಕ ಬರುತ್ತದೆ. ಅಂತರ್ಜಾಲದಲ್ಲೂ ಉಚಿತ ಪರಿವರ್ತಕಗಳಿವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ವಟ್ರಸುಳಿ, ಅಂಕಿಗಳು, ಉದ್ಧರಣ ಚಿಹ್ನೆ ಇವನ್ನು ಒಂದೊಂದಾಗಿ ಓದಿ ನೋಡಿ. ಮಧ್ಯೆ ಇಂಗ್ಲಿಷ್ ಪದಗಳಿದ್ದರೆ ಅವು ಖಂಡಿತ ಕೆಡುತ್ತವೆ, ಪರಿವರ್ತಕಕ್ಕೆ ಅವನ್ನು ಕನ್ನಡದ ಚೂರುಗಳಿಂದ ಬೇರೆ ಮಾಡಲು ದಾರಿಯಿಲ್ಲ. ಇಮೇಲ್ ವಿಳಾಸ, ಜಾಲತಾಣದ ಹೆಸರುಗಳನ್ನು ಮತ್ತೆ ಕೈಯಾರೆ ಟೈಪ್ ಮಾಡಿ.

ನೋಟ್‌ಪ್ಯಾಡ್‌ನಲ್ಲಿ ಸರಿಯಾಗಿದ್ದು ಎಡಿಟರ್‌ನಲ್ಲಿ ಬರೀ ಚೌಕಗಳು ಕಂಡರೆ ತಪ್ಪು ಫಾಂಟ್‌ನದು. ಆ ಫಾಂಟ್‌ನಲ್ಲಿ ಕನ್ನಡವಿಲ್ಲ. ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಹಳೆಯ ವಿಂಡೋಸ್ ಆದರೆ ತುಂಗಾ ಇರುತ್ತವೆ. ಪೋಸ್ಟರ್‌ಗೆ ಅವು ಸಾಲವು. ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ಹುಬ್ಬಳ್ಳಿ, ಬೆಣ್ಣೆ, ಟಿರೊ ಕನ್ನಡ, ಅಕಾಯಾ ಕನಡಕ ಎಲ್ಲ ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ, ಹಣ ಪಡೆದು ಮಾಡುವ ಕೆಲಸಕ್ಕೂ ಬಳಸಬಹುದು. ನನ್ನ ಅಭಿಪ್ರಾಯ ಕೇಳಿದರೆ, ಹೆಸರು, ದಿನಾಂಕ ಎದ್ದು ಕಾಣಬೇಕಾದ ಕಡೆ ಅನೇಕ್, ಉದ್ದ ಬರಹಕ್ಕೆ ನೋಟೊ ಸೆರಿಫ್ ಅಥವಾ ಟಿರೊ. ಹೊಸ ಫಾಂಟ್ ಹಾಕಿದ ಮೇಲೆ ಪಟ್ಟಿಯಲ್ಲಿ ಕಾಣದಿದ್ದರೆ ಸಾಫ್ಟ್‌ವೇರ್ ಮುಚ್ಚಿ ತೆರೆಯಿರಿ.

ಇನ್ನು ಮೂರನೆಯದು, ಎಲ್ಲಕ್ಕಿಂತ ಸಾಮಾನ್ಯವಾದದ್ದು: ಅಕ್ಷರಗಳು ಕನ್ನಡದವೇ, ಆದರೆ ಒತ್ತು ಕೂಡುವುದಿಲ್ಲ, ‘ಕನ್ನಡ’ ಹೋಗಿ ‘ಕನ್‌ನಡ’ ಆಗುತ್ತದೆ, ಗುಣಿತ ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಇಲ್ಲಿ ಜೋಡಿಸುವ ಭಾಗ ಕೆಲಸ ಮಾಡುತ್ತಿಲ್ಲ. ಗಿಂಪ್‌ನಲ್ಲಿ ಈ ತೊಂದರೆ ಸಾಮಾನ್ಯವಾಗಿ ಬರುವುದಿಲ್ಲ, ಅದು ಬಳಸುವ ಪ್ಯಾಂಗೊ ಮತ್ತು ಹಾರ್ಫ್‌ಬಜ್ ಎಂಬ ತಂತ್ರಾಂಶ ಭಾಗಗಳಿಗೆ ಭಾರತೀಯ ಲಿಪಿಗಳ ನಿಯಮ ಗೊತ್ತು. ಫೋಟೊಶಾಪ್‌ನಲ್ಲಿ ಹೀಗೆ ಮಾಡಿ:

1. ಎಡಿಟ್ ಮೆನುವಿನಲ್ಲಿ ಪ್ರಿಫರೆನ್ಸಸ್, ಅದರಲ್ಲಿ ಟೈಪ್ ತೆರೆಯಿರಿ.

2. ಟೆಕ್ಸ್ಟ್ ಎಂಜಿನ್ ಆಯ್ಕೆಗಳಲ್ಲಿ ‘ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್’ ಎಂಬುದನ್ನು ಆರಿಸಿ. ಕೆಲವು ಆವೃತ್ತಿಗಳಲ್ಲಿ ಇದರ ಹೆಸರು ‘ವರ್ಲ್ಡ್-ರೆಡಿ ಲೇಔಟ್’. ತೀರಾ ಇತ್ತೀಚಿನ ಆವೃತ್ತಿಗಳಲ್ಲಿ ಎಲ್ಲ ಲಿಪಿಗೂ ಒಂದೇ ಎಂಜಿನ್ ಇರುವುದರಿಂದ ಈ ಹೆಜ್ಜೆಯೇ ಬೇಕಾಗದಿರಬಹುದು.

3. ಫೋಟೊಶಾಪ್ ಮುಚ್ಚಿ ಮತ್ತೆ ತೆರೆಯಿರಿ.

4. ಹೆಚ್ಚಿನವರು ಎಡವುವುದು ಇಲ್ಲಿ: ಮೊದಲೇ ಇದ್ದ ಪಠ್ಯದ ಲೇಯರ್‌ಗಳು ತಾವಾಗಿ ಬದಲಾಗುವುದಿಲ್ಲ. ಆ ಲೇಯರ್ ಆರಿಸಿ, ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೂಲೆಯ ಮೆನು ತೆರೆದು, ವರ್ಲ್ಡ್-ರೆಡಿ ಅಥವಾ ಸೌತ್ ಏಷ್ಯನ್ ಎಂದಿರುವ ಆಯ್ಕೆಗೆ ಗುರುತು ಹಾಕಿ. ಹಳೆಯ ಟೆಂಪ್ಲೇಟ್ ಬಳಸುವಾಗ ಪ್ರತಿ ಲೇಯರ್‌ಗೂ ಇದನ್ನು ಮಾಡಬೇಕು.

ನಿಮ್ಮ ಫೋಟೊಶಾಪ್ ತುಂಬ ಹಳೆಯದಾಗಿ ಈ ಆಯ್ಕೆಯೇ ಇಲ್ಲದಿದ್ದರೆ ಇನ್ನೊಂದು ದಾರಿ ಇದೆ. ಇಂಕ್‌ಸ್ಕೇಪ್ ಉಚಿತ ತಂತ್ರಾಂಶ, ಅದರಲ್ಲೂ ಕನ್ನಡ ಸರಿಯಾಗಿ ಕೂಡುತ್ತದೆ. ಅಲ್ಲಿ ಪಠ್ಯ ಬರೆದು, ಪಾತ್ ಮೆನುವಿನಿಂದ ಆಬ್ಜೆಕ್ಟ್ ಟು ಪಾತ್ ಮಾಡಿ, ಪಿಡಿಎಫ್ ಆಗಿ ಉಳಿಸಿ, ಆ ಪಿಡಿಎಫ್ ಅನ್ನು ಫೋಟೊಶಾಪ್‌ನಲ್ಲಿ ಪ್ಲೇಸ್ ಮಾಡಿ. ಅಕ್ಷರ ಆಗಲೇ ಆಕೃತಿಯಾಗಿರುವುದರಿಂದ ಒಡೆಯುವ ಪ್ರಶ್ನೆಯೇ ಇಲ್ಲ.

ಎಲ್ಲ ಸರಿಯಿದ್ದೂ ಒಂದೆರಡು ಪದ ಮಾತ್ರ ತಪ್ಪಾಗಿ ಕಾಣುವುದುಂಟು. ‘ಸಾಫ್ಟ್‌ವೇರ್’ ಎಂಬುದು ‘ಸಾಫ್ಟ್ವೇರ್’ ಎಂದು ಒತ್ತಿನ ಮೇಲೆ ಒತ್ತು ಕೂತು ಬರುತ್ತದೆ. ‘ರ‍್ಯಾಂಕ್’ ಎಂದು ಬರೆಯಬೇಕಾದಲ್ಲಿ ಅರ್ಕಾವತ್ತು ಬಂದು ‘ರ್ಯಾಂಕ್’ ಆಗುತ್ತದೆ. ಅಕ್ಷರಗಳ ನಡುವೆ ಇರಬೇಕಾದ, ಕಣ್ಣಿಗೆ ಕಾಣದ ಎರಡು ಸಂಕೇತಗಳು ಇದಕ್ಕೆ ಕಾರಣ. ಮೊದಲನೆಯದರಲ್ಲಿ ಅಕ್ಷರ ಕೂಡದಂತೆ ತಡೆಯುವ ಸಂಕೇತ ಬೇಕು, ಎರಡನೆಯದರಲ್ಲಿ ರ ಆದ ತಕ್ಷಣ ಜೋಡಿಸುವ ಸಂಕೇತ ಬೇಕು. ಪಠ್ಯವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವಾಗ, ಪರಿವರ್ತಕದಲ್ಲಿ ಹಾಯಿಸುವಾಗ ಇವು ಉದುರಿಹೋಗುತ್ತವೆ. ಪದ ಸರಿಯಾಗಿ ಕಾಣುವ ಕಡೆಯಿಂದ, ಉದಾಹರಣೆಗೆ ಫೋನ್‌ನ ಕೀಲಿಮಣೆಯಲ್ಲಿ ಟೈಪ್ ಮಾಡಿ ನಿಮಗೇ ಕಳಿಸಿಕೊಂಡು, ಆ ಪದವನ್ನಷ್ಟೇ ಕಾಪಿ ಮಾಡಿ ಅಂಟಿಸಿ.

ಅಕ್ಷರ ಕೂಡಿದ ಮೇಲೆ ಅಂದವೂ ಬೇಕಲ್ಲ. ಸಾಲುಗಳ ನಡುವಿನ ಅಂತರ ಇಂಗ್ಲಿಷ್‌ಗೆ ಹೊಂದುವಂತೆ ಇಟ್ಟಿರುತ್ತಾರೆ. ಕನ್ನಡದಲ್ಲಿ ‘ರಾಷ್ಟ್ರ’, ‘ಸ್ತ್ರೀ’ಯಂಥ ಪದಗಳ ಎರಡೆರಡು ಒತ್ತು ಕೆಳಗಿಳಿದು ಮುಂದಿನ ಸಾಲಿನ ಗುಡಿಸು, ದೀರ್ಘಗಳಿಗೆ ತಾಗುತ್ತವೆ. ಅಕ್ಷರದ ಅಳತೆ 20 ಪಾಯಿಂಟ್ ಇದ್ದರೆ ಸಾಲಿನ ಅಂತರ 28ರಿಂದ 30 ಪಾಯಿಂಟ್ ಇಡಿ. ಅಕ್ಷರಗಳ ನಡುವಿನ ಅಂತರ, ಅಂದರೆ ಟ್ರ್ಯಾಕಿಂಗ್, ಸೊನ್ನೆಯಲ್ಲೇ ಇರಲಿ. ಅದನ್ನು ಹಿಗ್ಗಿಸಿದರೆ ಗುಣಿತ, ಒತ್ತುಗಳು ತಮ್ಮ ಅಕ್ಷರದಿಂದ ದೂರ ಸರಿಯಬಹುದು. ಬೋಲ್ಡ್ ಬೇಕಾದರೆ ಫಾಂಟ್‌ನದೇ ದಪ್ಪ ರೂಪ ಆರಿಸಿ. ಕ್ಯಾರೆಕ್ಟರ್ ಪ್ಯಾನೆಲ್‌ನ ಫೋ ಬೋಲ್ಡ್ ಬಟನ್ ಅಕ್ಷರವನ್ನು ಎಲ್ಲ ಕಡೆಯಿಂದ ಊದಿಸುತ್ತದೆ, ಚಿಕ್ಕ ಅಳತೆಯಲ್ಲಿ ಅಕ್ಷರದ ಒಳಜಾಗವೆಲ್ಲ ಮುಚ್ಚಿಹೋಗುತ್ತದೆ.

ಉಳಿಸುವಾಗಿನ ಗೊಂದಲ

2012ರಲ್ಲಿ ಬಂದ ಗಿಂಪ್ 2.8ರಿಂದ ‘ಸೇವ್’ ಎಂದರೆ ಗಿಂಪ್‌ನದೇ ಎಕ್ಸ್‌ಸಿಎಫ್ ಫೈಲ್ ಮಾತ್ರ. ಜೆಪೆಗ್, ಪಿಎನ್‌ಜಿ ಬೇಕಾದರೆ ಫೈಲ್ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಆ್ಯಸ್, ಅಂದರೆ ಕಂಟ್ರೋಲ್ + ಶಿಫ್ಟ್ + ಇ. ಫೋಟೊಶಾಪ್‌ನಲ್ಲೂ 2021ರಿಂದ ಈಚಿನ ಆವೃತ್ತಿಗಳಲ್ಲಿ ಲೇಯರ್ ಇರುವ ಫೈಲ್‌ಗೆ ಸೇವ್ ಆ್ಯಸ್ ಕೊಟ್ಟರೆ ಜೆಪೆಗ್ ಪಟ್ಟಿಯಲ್ಲೇ ಕಾಣುವುದಿಲ್ಲ. ‘ಸೇವ್ ಎ ಕಾಪಿ’ ಕೊಡಬೇಕು. ಹಳೆಯ ಅಭ್ಯಾಸವೇ ಬೇಕೆನ್ನುವವರು ಪ್ರಿಫರೆನ್ಸಸ್‌ನ ಫೈಲ್ ಹ್ಯಾಂಡ್ಲಿಂಗ್‌ನಲ್ಲಿ ಲೆಗಸಿ ಸೇವ್ ಆ್ಯಸ್ ಗುರುತು ಹಾಕಿಕೊಳ್ಳಬಹುದು. ಈ ಬದಲಾವಣೆಗೆ ಬೈಯುವವರು ತುಂಬ ಜನ. ಆದರೂ ಇದು ಒಳ್ಳೆಯದೇ: ಲೇಯರ್‌ಗಳಿರುವ ಮೂಲ ಫೈಲ್‌ನ ಬದಲು ಬರೀ ಜೆಪೆಗ್ ಉಳಿಸಿಕೊಂಡು, ಮರುದಿನ ಒಂದು ಹೆಸರು ತಿದ್ದಬೇಕಾದಾಗ ಇಡೀ ಕಾರ್ಡ್ ಮತ್ತೆ ಮಾಡುವ ಪಾಡು ಇದರಿಂದ ತಪ್ಪುತ್ತದೆ.

ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಮಾಡಿ, ಪ್ರತಿ ಚೌಕದಲ್ಲೂ ಕಣ್ಣು ಗಮನಿಸದಷ್ಟು ಮಾಹಿತಿಯನ್ನು ಎಸೆಯುತ್ತದೆ. ಮುಖ, ಆಕಾಶ, ಗಿಡಮರಗಳಲ್ಲಿ ಇದು ಗೊತ್ತಾಗುವುದಿಲ್ಲ. ಬಿಳಿಯ ಮೇಲೆ ಕಪ್ಪು ಅಕ್ಷರ ಇದ್ದಾಗ ಮಾತ್ರ ಅಂಚಿನ ಸುತ್ತ ಕೊಳೆಯಂಥ ಚುಕ್ಕೆಗಳೇಳುತ್ತವೆ. ತೆರೆದು, ತಿದ್ದಿ, ಮತ್ತೆ ಜೆಪೆಗ್‌ಗೇ ಉಳಿಸಿದರೆ ಆ ಕೊಳೆ ಹೆಚ್ಚುತ್ತ ಹೋಗುತ್ತದೆ. ಆದ್ದರಿಂದ ಬರಹ ಇರುವ ಪೋಸ್ಟರ್, ಲೋಗೊ, ಪಾರದರ್ಶಕ ಹಿನ್ನೆಲೆ ಇರುವ ಯಾವುದೇ ಚಿತ್ರಕ್ಕೆ ಪಿಎನ್‌ಜಿ. ಬರೀ ಫೋಟೊಗೆ ಜೆಪೆಗ್. ಫೈಲ್ ಹೆಸರಿನ ಕೊನೆಯ ಭಾಗವನ್ನು ಪಿಎನ್‌ಜಿಯಿಂದ ಜೆಪೆಗ್ ಎಂದು ತಿದ್ದಿದರೆ ಫೈಲ್ ಬದಲಾಗುವುದಿಲ್ಲ. ಅರ್ಜಿ ತಾಣಗಳು ‘ಫೈಲ್ ಸರಿಯಿಲ್ಲ’ ಎಂದು ತಿರಸ್ಕರಿಸುವುದಕ್ಕೆ ಇದೊಂದು ಸಾಮಾನ್ಯ ಕಾರಣ.

ಐಫೋನ್‌ನಿಂದ ಬಂದ ಫೋಟೊ ತೆರೆಯುವುದೇ ಇಲ್ಲ ಎಂದಾದರೆ ಅದು ಎಚ್‌ಇಐಸಿ ಮಾದರಿಯಲ್ಲಿದೆ. ಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಫಾರ್ಮ್ಯಾಟ್ಸ್, ಮೋಸ್ಟ್ ಕಂಪ್ಯಾಟಿಬಲ್ ಆರಿಸಿದರೆ ಮುಂದಿನ ಫೋಟೊಗಳು ಜೆಪೆಗ್ ಆಗಿ ಬರುತ್ತವೆ.

ಅರ್ಜಿಯ ಫೋಟೊ: ಇಷ್ಟೇ ಕೆಬಿ ಎಂದಾಗ

ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಅರ್ಜಿಯನ್ನೇ ತೆಗೆದುಕೊಳ್ಳಿ. ಫೋಟೊ 200×230 ಪಿಕ್ಸೆಲ್, 20ರಿಂದ 50 ಕೆಬಿ. ಸಹಿ 140×60 ಪಿಕ್ಸೆಲ್, 10ರಿಂದ 20 ಕೆಬಿ ಎಂದು ಕೇಳುತ್ತಾರೆ. ಬೇರೆ ಅರ್ಜಿಗಳಲ್ಲಿ ಅಂಕಿ ಬೇರೆಯಿರುತ್ತದೆ, ಆಯಾ ಅಧಿಸೂಚನೆ ನೋಡಿಕೊಳ್ಳಿ. ಮಾಡುವ ಕ್ರಮ ಮಾತ್ರ ಒಂದೇ.

ಫೋನ್‌ನ 4000×3000 ಪಿಕ್ಸೆಲ್ ಫೋಟೊವನ್ನು ಹಾಗೇ ಇಟ್ಟುಕೊಂಡು ಕ್ವಾಲಿಟಿಯನ್ನಷ್ಟೇ ಇಳಿಸುತ್ತ ಹೋದರೆ ಮುಖವೆಲ್ಲ ಚೌಕ ಚೌಕವಾದರೂ 50 ಕೆಬಿ ಮುಟ್ಟುವುದಿಲ್ಲ. ಮೊದಲು ಇಳಿಸಬೇಕಾದ್ದು ಪಿಕ್ಸೆಲ್‌ಗಳ ಸಂಖ್ಯೆ. 1.2 ಕೋಟಿ ಪಿಕ್ಸೆಲ್‌ನಿಂದ 46 ಸಾವಿರಕ್ಕೆ ಇಳಿದ ಮೇಲೆ ಕ್ವಾಲಿಟಿಯನ್ನು ತೊಂಬತ್ತರ ಆಸುಪಾಸಿನಲ್ಲಿ ಇಟ್ಟರೂ ಫೈಲ್ ಚಿಕ್ಕದಾಗಿಯೇ ಇರುತ್ತದೆ.

1. ಕ್ರಾಪ್ ಟೂಲ್ ತೆಗೆದುಕೊಂಡು ಅನುಪಾತ ಗಟ್ಟಿ ಮಾಡಿ. 200×230ಕ್ಕೆ 20:23 ಎಂದು ಕೊಡಿ, 3.5×4.5 ಸೆಂ.ಮೀ ಪಾಸ್‌ಪೋರ್ಟ್ ಅಳತೆಗೆ 35:45. ಅನುಪಾತ ಗಟ್ಟಿ ಮಾಡದೆ ಆಮೇಲೆ ಎಳೆದು ಹೊಂದಿಸಿದರೆ ಮುಖ ಉದ್ದವಾಗುತ್ತದೆ ಇಲ್ಲವೇ ಚಪ್ಪಟೆಯಾಗುತ್ತದೆ.

2. ಫೋಟೊಶಾಪ್‌ನಲ್ಲಿ ಇಮೇಜ್ ಸೈಜ್, ಗಿಂಪ್‌ನಲ್ಲಿ ಸ್ಕೇಲ್ ಇಮೇಜ್ ತೆರೆದು ಕೇಳಿದ ಪಿಕ್ಸೆಲ್ ಸಂಖ್ಯೆ ಹಾಕಿ. ಪಿಕ್ಸೆಲ್ ಸಂಖ್ಯೆ ಅಷ್ಟೇ ಇದ್ದರೆ, ಅಲ್ಲೇ ಇರುವ ರೆಸೊಲ್ಯೂಶನ್ ಅಂಕಿ ಕೆಬಿಯನ್ನು ಬದಲಿಸುವುದಿಲ್ಲ. ಅದು ಕಾಗದದ ಮೇಲೆ ಎಷ್ಟು ದೊಡ್ಡದಾಗಿ ಅಚ್ಚಾಗಬೇಕು ಎಂದು ಹೇಳುವ ಚೀಟಿ ಅಷ್ಟೇ. ಪಾಸ್‌ಪೋರ್ಟ್ ಅಳತೆಯನ್ನು ಇಂಚಿಗೆ 300ರಂತೆ ಅಚ್ಚಿಗೆ ಕೊಡಬೇಕಾದರೆ 413×531 ಪಿಕ್ಸೆಲ್ ಬೇಕು.

3. ಗಿಂಪ್‌ನಲ್ಲಿ ಜೆಪೆಗ್ ಎಕ್ಸ್‌ಪೋರ್ಟ್ ಮಾಡುವಾಗ ಚಿತ್ರದಲ್ಲೇ ಪ್ರಿವ್ಯೂ ತೋರಿಸುವ ಆಯ್ಕೆ ಹಾಕಿದರೆ, ಕ್ವಾಲಿಟಿ ಗೀಟು ಜರುಗಿಸಿದಂತೆ ಫೈಲ್ ಗಾತ್ರ ಅಲ್ಲೇ ಕಾಣುತ್ತದೆ. ಎಕ್ಸಿಫ್, ಎಕ್ಸ್‌ಎಂಪಿ, ಥಂಬ್‌ನೇಲ್ (ಫೋಟೊ ಜೊತೆ ಅಡಗಿರುವ ಹೆಚ್ಚುವರಿ ಮಾಹಿತಿ) ಗುರುತುಗಳನ್ನು ತೆಗೆದುಹಾಕಿ. ಇಷ್ಟು ಚಿಕ್ಕ ಮಿತಿಯಲ್ಲಿ ಅವು ತಿನ್ನುವ ಕೆಬಿಯೂ ಲೆಕ್ಕಕ್ಕೆ ಬರುತ್ತದೆ. ಫೋಟೊಶಾಪ್‌ನ ಸೇವ್ ಫಾರ್ ವೆಬ್‌ನಲ್ಲಿ ‘ಆಪ್ಟಿಮೈಜ್ ಟು ಫೈಲ್ ಸೈಜ್’ ಎಂಬ ಆಯ್ಕೆಯಿದೆ, 45 ಎಂದು ಕೊಟ್ಟರೆ ಅದೇ ಹೊಂದಿಸಿಕೊಡುತ್ತದೆ.

4. ಗಾತ್ರ ಕನಿಷ್ಠ ಮಿತಿಗಿಂತ ಕೆಳಗೆ ಹೋದರೂ ತಿರಸ್ಕಾರವೇ. ಆಗ ಕ್ವಾಲಿಟಿಯನ್ನು ಮೇಲಕ್ಕೆ ಏರಿಸಿ.

ಸಹಿಗೆ ಬಿಳಿ ಹಾಳೆಯಲ್ಲಿ ಕಪ್ಪು ಶಾಯಿ ಬಳಸಿ, ಬೆಳಕಿರುವ ಕಿಟಕಿಯ ಬಳಿ ಫೋಟೊ ತೆಗೆದು, ಲೆವೆಲ್ಸ್ ತೆರೆದು ಬಲಗಡೆಯ ಬಿಳಿ ಗುಂಡಿಯನ್ನು ಎಡಕ್ಕೆ ಸರಿಸಿ. ಹಾಳೆಯ ಬೂದು ನೆರಳು ಬಿಳಿಯಾಗುತ್ತದೆ, ಸಹಿ ಎದ್ದು ಕಾಣುತ್ತದೆ.

ಚಿಕ್ಕ ಫೋಟೊ, ದೊಡ್ಡ ಬ್ಯಾನರ್

ಹತ್ತು ಅಡಿ ಅಗಲ, ನಾಲ್ಕು ಅಡಿ ಎತ್ತರದ ಬ್ಯಾನರ್‌ಗೆ ಇಂಚಿಗೆ 72 ಪಿಕ್ಸೆಲ್ ಲೆಕ್ಕದಲ್ಲಿ 8640×3456 ಪಿಕ್ಸೆಲ್ ಬೇಕು. ದೂರದಿಂದ ನೋಡುವ ಬ್ಯಾನರ್‌ಗೆ ಅಷ್ಟು ಸಾಕು, 300 ಬೇಡ. 300 ಇಟ್ಟರೆ ಕಂಪ್ಯೂಟರ್ ನಿಂತೇಹೋಗುತ್ತದೆ. ಆದರೆ 1600 ಪಿಕ್ಸೆಲ್ ಅಗಲದ ಫೋಟೊವನ್ನು ಆ ಹತ್ತು ಅಡಿಗೂ ಹರಡಿದರೆ ಇಂಚಿಗೆ ಸಿಗುವುದು 13 ಪಿಕ್ಸೆಲ್ ಮಾತ್ರ. ಯಾವ ಸಾಫ್ಟ್‌ವೇರೂ ಇಲ್ಲದ ವಿವರವನ್ನು ತಂದುಕೊಡಲಾರದು.

ಹೀಗಾಗಿ ಮೊದಲ ಕೆಲಸ ಮೂಲ ಫೋಟೊ ತರಿಸುವುದು. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದೇ ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತದೆ. ಡಾಕ್ಯುಮೆಂಟ್ ಎಂದು ಲಗತ್ತಿಸಿದರೆ ಹಾಗೇ ಬರುತ್ತದೆ. ಗಿರಾಕಿಗೆ ಇದನ್ನು ಫೋನ್‌ನಲ್ಲೇ ಹೇಳಿಕೊಟ್ಟರೆ ಒಂದು ನಿಮಿಷದ ಕೆಲಸ. ಆಲ್ಬಂನ ಹಳೆಯ ಫೋಟೊ ಆಗಿದ್ದರೆ ಅದನ್ನು ಫೋನ್‌ನಲ್ಲಿ ಕ್ಲಿಕ್ಕಿಸುವ ಬದಲು ಸ್ಕ್ಯಾನರ್‌ನಲ್ಲಿ 600 ಡಿಪಿಐ ಇಟ್ಟು ಸ್ಕ್ಯಾನ್ ಮಾಡಿಸಿ. 2×3 ಇಂಚಿನ ಪುಟ್ಟ ಫೋಟೊ ಕೂಡ 1200×1800 ಪಿಕ್ಸೆಲ್ ಆಗುತ್ತದೆ.

ಕೃತಕ ಬುದ್ಧಿಮತ್ತೆಯಿಂದ ಫೋಟೊ ಹಿಗ್ಗಿಸುವ ಸೌಲಭ್ಯ ಈಗ ಎಲ್ಲೆಡೆ ಇದೆ. ಕಟ್ಟಡ, ಹಿನ್ನೆಲೆಗೆ ಧಾರಾಳವಾಗಿ ಬಳಸಿ. ಶ್ರದ್ಧಾಂಜಲಿ ಫಲಕದ ಮುಖಕ್ಕೆ ಮಾತ್ರ ಬೇಡ ಎನ್ನುತ್ತೇನೆ. ಅದು ಮಸುಕಾದ ಕಡೆಯಲ್ಲೆಲ್ಲ ಊಹೆಯಿಂದ ಹೊಸ ಕಣ್ಣು, ಹೊಸ ತುಟಿ ಬಿಡಿಸುತ್ತದೆ. ಚಿತ್ರ ಚೊಕ್ಕಟವಾಗಿರುತ್ತದೆ, ಮನೆಯವರಿಗೆ ಅದು ತಮ್ಮವರ ಮುಖ ಎನಿಸುವುದಿಲ್ಲ. ಮುಖವನ್ನು ಸ್ವಲ್ಪ ಚಿಕ್ಕದಾಗಿಟ್ಟು ಸುತ್ತ ಚೌಕಟ್ಟು ಹಾಕಿ, ಹೆಸರನ್ನು ದೊಡ್ಡದಾಗಿ ಮಾಡುವುದೇ ಒಳ್ಳೆಯದು.

ಹಿನ್ನೆಲೆ ಕತ್ತರಿಸುವಾಗ ಇರೇಸರ್ ಮುಟ್ಟಬೇಡಿ. ಸೆಲೆಕ್ಷನ್ ಮಾಡಿ ಲೇಯರ್ ಮಾಸ್ಕ್ ಹಾಕಿ. ಕತ್ತರಿಸಿದ್ದು ಹೆಚ್ಚಾದರೆ ಬಿಳಿ ಬ್ರಷ್‌ನಿಂದ ಮರಳಿ ತರಬಹುದು. ಕೂದಲಿನ ಸುತ್ತ ಹಳೆಯ ಹಿನ್ನೆಲೆಯ ತೆಳು ಗೆರೆ ಉಳಿದರೆ ಸೆಲೆಕ್ಷನ್ ಅನ್ನು 1 ಪಿಕ್ಸೆಲ್ ಕುಗ್ಗಿಸಿ, ಅಂಚು ಮೆದುವಾಗಲು ಅರ್ಧ ಪಿಕ್ಸೆಲ್ ಫೆದರ್ ಕೊಡಿ. ಬಿಳಿ ಗೋಡೆಯ ಮುಂದೆ ನಿಂತ ಮದುಮಗಳ ತಲೆಯಲ್ಲಿ ಮಲ್ಲಿಗೆ ಮುಡಿದಿದ್ದರೆ ತಾನಾಗಿ ಕತ್ತರಿಸುವ ಟೂಲ್‌ಗಳು ಹೂವನ್ನೂ ಗೋಡೆಯೆಂದೇ ತೆಗೆದುಬಿಡುತ್ತವೆ. ಆ ಭಾಗವನ್ನು ಪೆನ್ ಟೂಲ್‌ನಲ್ಲಿ ಕೈಯಾರೆ ಸುತ್ತಬೇಕು, ಬೇರೆ ಅಡ್ಡದಾರಿ ಇಲ್ಲ.

ಅಚ್ಚಿನಲ್ಲಿ ಬಣ್ಣ ಬದಲಾಗುವುದು

ತೆರೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಮುದ್ರಣ ಶಾಯಿಯಿಂದ. ಹೊಳೆಯುವ ಹಸಿರು, ಗಾಢ ನೀಲಿ, ನಿಯಾನ್ ಗುಲಾಬಿಗಳು ಮುದ್ರಣದ ನಾಲ್ಕು ಶಾಯಿಗಳಿಂದ (ಸಯಾನ್, ಮಜೆಂಟಾ, ಹಳದಿ, ಕಪ್ಪು; ಒಟ್ಟಿಗೆ ಸಿಎಂವೈಕೆ) ಬರುವುದೇ ಇಲ್ಲ, ಆದ್ದರಿಂದ ಮಂಕಾಗುತ್ತವೆ. ರಾಜ್ಯೋತ್ಸವದ ಬ್ಯಾನರ್‌ಗಳಿಗೆ ಈ ಚಿಂತೆ ಕಡಿಮೆ: ಹಳದಿ ಎಂದರೆ ಹಳದಿ ಶಾಯಿಯೊಂದೇ 100%, ಕೆಂಪೆಂದರೆ ಮಜೆಂಟಾ 100%, ಹಳದಿ 100%. ನಮ್ಮ ಬಾವುಟದ ಎರಡೂ ಬಣ್ಣ ಅಚ್ಚಿನಲ್ಲಿ ಉಜ್ವಲವಾಗಿಯೇ ಬರುತ್ತವೆ. ಬೇರೆ ಬಣ್ಣಗಳಿಗೆ ಫೋಟೊಶಾಪ್‌ನಲ್ಲಿ ಕಂಟ್ರೋಲ್ + ವೈ ಒತ್ತಿದರೆ ಅಚ್ಚಿನಲ್ಲಿ ಹೇಗೆ ಕಾಣಬಹುದು ಎಂಬ ಅಂದಾಜು ತೆರೆಯಲ್ಲೇ ಸಿಗುತ್ತದೆ. ಗಿಂಪ್‌ನಲ್ಲಿ ಅದಕ್ಕೆ ಸಾಫ್ಟ್ ಪ್ರೂಫಿಂಗ್ ಇದೆ. ಗಿರಾಕಿಗೆ ಒಪ್ಪಿಗೆಗೆ ತೋರಿಸುವಾಗ ಈ ನೋಟವನ್ನೇ ತೋರಿಸಿ.

ಕಪ್ಪು ಅಕ್ಷರದ ಬಗ್ಗೆ ವಿಶೇಷ ಎಚ್ಚರ ಬೇಕು. ಆರ್‌ಜಿಬಿಯ ಕಪ್ಪನ್ನು ಫೋಟೊಶಾಪ್ ತನ್ನಷ್ಟಕ್ಕೆ ಸಿಎಂವೈಕೆಗೆ ಬದಲಿಸಿದರೆ ನಾಲ್ಕೂ ಶಾಯಿ ಸೇರಿ ಒಟ್ಟು 300% ಹತ್ತಿರ ಹೋಗುತ್ತದೆ. ನಾಲ್ಕು ಅಚ್ಚು ಕೂದಲೆಳೆಯಷ್ಟು ಅತ್ತಿತ್ತ ಸರಿದರೂ ಚಿಕ್ಕ ಕನ್ನಡ ಅಕ್ಷರದ ಒತ್ತುಗಳು ಕಲಸಿಹೋಗುತ್ತವೆ. ಪಠ್ಯದ ಬಣ್ಣವನ್ನು ಕಪ್ಪು ಶಾಯಿ 100%, ಉಳಿದ ಮೂರು ಸೊನ್ನೆ ಎಂದು ಕೈಯಾರೆ ಹಾಕಿ. ಗಿಂಪ್‌ನಲ್ಲಿ ಇಂಥ ಹಿಡಿತ ಸಿಗುವುದಿಲ್ಲ. ಚಿತ್ರವನ್ನು ಗಿಂಪ್‌ನಲ್ಲಿ ಮುಗಿಸಿ, ಪಠ್ಯವನ್ನು ಸ್ಕ್ರೈಬಸ್ 1.6 ಎಂಬ ಪುಟವಿನ್ಯಾಸ ತಂತ್ರಾಂಶದಲ್ಲಿ ಜೋಡಿಸಿ. ಅದೂ ಉಚಿತ, ಅದರಲ್ಲಿ ಕನ್ನಡ ಒತ್ತಕ್ಷರವೂ ಕೂಡುತ್ತದೆ, ಸಿಎಂವೈಕೆಯೂ ಇದೆ.

ನಿಧಾನ, ಸ್ಕ್ರ್ಯಾಚ್ ಡಿಸ್ಕ್

ಫೋಟೊಶಾಪ್‌ನಲ್ಲಿ ‘ಸ್ಕ್ರ್ಯಾಚ್ ಡಿಸ್ಕ್ ತುಂಬಿದೆ’ ಎಂದು ಬಂದರೆ, ಅದು ತಾತ್ಕಾಲಿಕ ಫೈಲ್‌ಗಳನ್ನು ಇಡುವ ಡ್ರೈವ್‌ನಲ್ಲಿ, ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲಿ, ಜಾಗವಿಲ್ಲ ಎಂದರ್ಥ. ಎಡಿಟ್, ಪರ್ಜ್, ಆಲ್ ಕೊಟ್ಟು ತಾತ್ಕಾಲಿಕ ಜಾಗ ಬಿಡಿಸಿಕೊಳ್ಳಿ. ಹೀಗೆ ಮಾಡಿದರೆ ಹಿಂದಕ್ಕೆ ಹೋಗುವ ಹಿಸ್ಟರಿ ಅಳಿಯುತ್ತದೆ ಎಂಬುದು ಗಮನದಲ್ಲಿರಲಿ. ಪ್ರಿಫರೆನ್ಸಸ್‌ನಲ್ಲಿ ಸ್ಕ್ರ್ಯಾಚ್ ಡಿಸ್ಕ್ ಅನ್ನು ಡಿ ಡ್ರೈವ್‌ಗೆ ಬದಲಿಸಿ. ಫೋಟೊಶಾಪ್ ತೆರೆಯುವುದೇ ಇಲ್ಲವಾದರೆ ಶುರುವಾಗುವಾಗ ಕಂಟ್ರೋಲ್ + ಆಲ್ಟ್ ಹಿಡಿದುಕೊಂಡರೆ ಆ ಆಯ್ಕೆ ಬರುತ್ತದೆ. ಹಿಸ್ಟರಿ ಹಂತಗಳು 50 ಇರುತ್ತವೆ, ದೊಡ್ಡ ಬ್ಯಾನರ್ ಮಾಡುವಾಗ 20ಕ್ಕೆ ಇಳಿಸಿ. ವಿಚಿತ್ರ ವರ್ತನೆಗೆ ಯಾವ ಕಾರಣವೂ ಸಿಗದಿದ್ದರೆ ಶುರುವಾಗುವಾಗ ಕಂಟ್ರೋಲ್ + ಆಲ್ಟ್ + ಶಿಫ್ಟ್ ಹಿಡಿದು ಪ್ರಿಫರೆನ್ಸಸ್ ಅಳಿಸಬಹುದು. ಆಮೇಲೆ ಮೇಲೆ ಹೇಳಿದ ಕನ್ನಡದ ಟೆಕ್ಸ್ಟ್ ಎಂಜಿನ್ ಆಯ್ಕೆಯನ್ನು ಮತ್ತೆ ಹಾಕಬೇಕಾದೀತು.

ಪ್ರೆಸ್‌ಗೆ ಕೊಡುವ ಮುನ್ನ

ನಿಮ್ಮಲ್ಲಿ ಚೆನ್ನಾಗಿದ್ದ ಅಕ್ಷರ ಪ್ರೆಸ್‌ನಲ್ಲಿ ಒಡೆಯುವುದು ಅಲ್ಲಿನ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲದ್ದರಿಂದ, ಅಥವಾ ಅವರು ಇನ್ನೂ ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸ ತಂತ್ರಾಂಶದಲ್ಲಿ ಕೆಲಸ ಮಾಡುವುದರಿಂದ. 2001ರಲ್ಲಿ ಬಂದ ಪೇಜ್‌ಮೇಕರ್ 7 ಅದರ ಕೊನೆಯ ಆವೃತ್ತಿ, ಅದಕ್ಕೆ ಯೂನಿಕೋಡ್ ತಿಳಿಯದು. ಆದ್ದರಿಂದ ತಿದ್ದಬಹುದಾದ ಮೂಲ ಫೈಲನ್ನು ನಿಮ್ಮಲ್ಲೇ ಇಟ್ಟುಕೊಂಡು, ಅದರ ನಕಲಿನಲ್ಲಿ ಪಠ್ಯದ ಲೇಯರ್‌ಗಳನ್ನು ಟೈಪ್ ಮೆನುವಿನ ಕನ್ವರ್ಟ್ ಟು ಶೇಪ್ ಮೂಲಕ ಆಕೃತಿಗಳನ್ನಾಗಿ ಮಾಡಿ ಪಿಡಿಎಫ್ ಉಳಿಸಿ. ಅಂಚಿನ ಸುತ್ತ 3 ಮಿ.ಮೀ ಹೆಚ್ಚುವರಿ ಹಿನ್ನೆಲೆ ಬಿಡಿ, ಕತ್ತರಿಸುವಾಗ ಬಿಳಿ ಗೆರೆ ಉಳಿಯುವುದಿಲ್ಲ. ಆಕೃತಿಯಾದ ಮೇಲೆ ಕಾಗುಣಿತ ತಿದ್ದಲು ಆಗುವುದಿಲ್ಲ. ಹೆಸರು, ತಿಥಿ, ಮುಹೂರ್ತದ ಸಮಯ, ಫೋನ್ ಸಂಖ್ಯೆಗಳನ್ನು ಮನೆಯವರಿಂದಲೇ ಗಟ್ಟಿಯಾಗಿ ಓದಿಸಿ, ಅವರ ಒಪ್ಪಿಗೆ ಬಂದ ಮೇಲೆಯೇ ಈ ಹೆಜ್ಜೆ ಇಡಿ. ಕೊನೆಗೆ ಆ ಪಿಡಿಎಫ್ ಅನ್ನು ನಿಮ್ಮ ಫಾಂಟ್‌ಗಳಿಲ್ಲದ ಬೇರೆಯವರ ಫೋನ್‌ಗೆ ಕಳಿಸಿ, ಅಲ್ಲಿ ಪೂರ್ತಿ ಹಿಗ್ಗಿಸಿ ಪ್ರತಿ ಒತ್ತನ್ನೂ ನೋಡಿ. ಅಲ್ಲಿ ಸರಿಯಿದ್ದರೆ ಪ್ರೆಸ್‌ಗೆ ಕಳಿಸಬಹುದು.